ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆ? ಅಧಿಸೂಚನೆಗೆ ಕಾಯದೆ ಇಂದೇ ಆರಂಭಿಸಿ

ಪೊಲೀಸ್ ನೇಮಕಾತಿಯ ಅಧಿಸೂಚನೆ ಹೊರಬಿದ್ದ ದಿನದಿಂದ ಸಿದ್ಧತೆ ಆರಂಭಿಸುವವರು ಅಷ್ಟರಲ್ಲೇ ತಡ ಮಾಡಿರುತ್ತಾರೆ. ಅರ್ಜಿ ಸಲ್ಲಿಸಲು ಸಿಗುವ ಕೆಲವು ವಾರಗಳಲ್ಲಿ ಅರ್ಜಿಯನ್ನು ತುಂಬಬಹುದೇ ಹೊರತು, ತಪ್ಪಾಗಿ ಮುದ್ರಣವಾದ ಪ್ರಮಾಣಪತ್ರವನ್ನು ತಿದ್ದಿಸಿ ತರುವುದಾಗಲಿ, ಓಡಿ ರೂಢಿಯಿಲ್ಲದ ದೇಹವನ್ನು 1,600 ಮೀಟರ್ ಓಟಕ್ಕೆ ಅಣಿಗೊಳಿಸುವುದಾಗಲಿ ಸಾಧ್ಯವಾಗುವುದಿಲ್ಲ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಿಂದ ಪ್ರತಿ ಸಲವೂ ಸಾವಿರಾರು ಯುವಕ ಯುವತಿಯರು ಈ ಹುದ್ದೆಗೆ ಪ್ರಯತ್ನಿಸುತ್ತಾರೆ. ಅವರಲ್ಲಿ ಅನೇಕರು ಬುದ್ಧಿಯಲ್ಲಾಗಲಿ ಬಲದಲ್ಲಾಗಲಿ ಕಡಿಮೆಯವರಲ್ಲ. ಯಾವ ಕೆಲಸ ಮೊದಲು, ಯಾವುದು ನಂತರ ಎಂಬ ಕ್ರಮ ತಿಳಿಯದೆ ಹಿಂದೆ ಬೀಳುತ್ತಾರೆ. ಆದುದರಿಂದ ಈ ಲೇಖನದಲ್ಲಿ ಇಲಾಖೆ ಕೇಳುವ ಕ್ರಮಕ್ಕಿಂತ, ಯಾವುದಕ್ಕೆ ಹೆಚ್ಚು ಸಮಯ ಬೇಕೋ ಅದನ್ನು ಮೊದಲು ಹೇಳಲಾಗಿದೆ.

ಯಾವ ಹುದ್ದೆ, ಯಾವ ಘಟಕ

ಕಾನ್‌ಸ್ಟೆಬಲ್ ಎಂಬ ಹೆಸರು ಒಂದೇ ಆದರೂ ಹುದ್ದೆಗಳು ಬೇರೆ ಬೇರೆ. ಠಾಣೆಯಲ್ಲಿ ಬೀಟ್, ಸಮನ್ಸ್, ತನಿಖೆಗೆ ನೆರವು, ನ್ಯಾಯಾಲಯದ ಕೆಲಸಗಳನ್ನು ಮಾಡುವವರು ಸಿವಿಲ್ ಕಾನ್‌ಸ್ಟೆಬಲ್‌ಗಳು; ಇದಕ್ಕೆ ಪಿಯುಸಿ ಅಥವಾ ತತ್ಸಮಾನ ವಿದ್ಯಾರ್ಹತೆ ಬೇಕು. ಬೆಂಗಾವಲು, ಕಾವಲು, ಬಂದೋಬಸ್ತ್ ನೋಡಿಕೊಳ್ಳುವ ಸಶಸ್ತ್ರ ಮೀಸಲು ಪಡೆಯ ಕಾನ್‌ಸ್ಟೆಬಲ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಸಾಕು. ಕೆಎಸ್‌ಆರ್‌ಪಿ (ಕರ್ನಾಟಕ ರಾಜ್ಯ ಮೀಸಲು ಪೊಲೀಸ್) ಬೆಟಾಲಿಯನ್‌ಗಳ ನೇಮಕಾತಿ ಪ್ರತ್ಯೇಕವಾಗಿ ನಡೆಯುತ್ತದೆ; ಶಿಗ್ಗಾವಿ ಬಳಿಯ ಗಂಗೆಭಾವಿಯಲ್ಲಿರುವ 10ನೇ ಪಡೆಯನ್ನು ನಮ್ಮ ಭಾಗದವರು ನೋಡಿಯೇ ಇರುತ್ತಾರೆ. ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಪದವಿ ಬೇಕು.

ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಇದುವರೆಗಿನ ಅಧಿಸೂಚನೆಗಳಲ್ಲಿ ಕನಿಷ್ಠ ವಯಸ್ಸು 19, ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 25 ಹಾಗೂ ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗೆ 27 ಎಂದಿರುವುದು ರೂಢಿ. ಸರ್ಕಾರ ಆಗಾಗ ಸಡಿಲಿಕೆ ನೀಡುವುದರಿಂದ ವಯಸ್ಸು ಮೀರಿತೆಂದು ತಾವಾಗಿಯೇ ಕೈಬಿಡದೆ, ಆಯಾ ಅಧಿಸೂಚನೆಯನ್ನು ಓದಿಯೇ ತೀರ್ಮಾನಿಸಬೇಕು.

ಘಟಕದ ಆಯ್ಕೆಯನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ಹುಬ್ಬಳ್ಳಿ-ಧಾರವಾಡ ಪೊಲೀಸ್ ಕಮಿಷನರೇಟ್ ಬೇರೆ, ಧಾರವಾಡ ಜಿಲ್ಲಾ ಪೊಲೀಸ್ ಬೇರೆ. ಗದಗ ಮತ್ತು ಹಾವೇರಿ ತಮ್ಮವೇ ಆದ ಜಿಲ್ಲಾ ಘಟಕಗಳನ್ನು ಹೊಂದಿವೆ. ನೇಮಕಗೊಂಡ ಘಟಕದಲ್ಲಿಯೇ ಸೇವಾ ಜ್ಯೇಷ್ಠತೆ ಬೆಳೆಯುವುದರಿಂದ, ಹುದ್ದೆಗಳ ಸಂಖ್ಯೆ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ದೂರದ ಜಿಲ್ಲೆಯನ್ನು ಆರಿಸುವವರು ಮುಂದೆ ತಂದೆ ತಾಯಿಯ ಆರೈಕೆ, ಮಕ್ಕಳ ಶಾಲೆ ಎಂಬ ಪ್ರಶ್ನೆಗಳು ಎದುರಾದಾಗ ವರ್ಗಾವಣೆ ಸುಲಭವಲ್ಲ ಎಂಬುದನ್ನು ಇಂದೇ ಯೋಚಿಸಬೇಕು. ನಮ್ಮ ನೆರೆಯ ಕೊಪ್ಪಳ, ವಿಜಯನಗರ ಜಿಲ್ಲೆಗಳು ಸ್ಥಳೀಯರಿಗೆ ಹುದ್ದೆಗಳಲ್ಲಿ ಮೀಸಲಾತಿ ನೀಡುವ, ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನದ ವ್ಯಾಪ್ತಿಯಲ್ಲಿವೆ, ಧಾರವಾಡ, ಗದಗ, ಹಾವೇರಿ ಇಲ್ಲ. ಮುಂಡರಗಿ ಅಥವಾ ಗಜೇಂದ್ರಗಡದ ಕಡೆಯವರು ಗಡಿಯಾಚೆಯ ಹುದ್ದೆಗಳನ್ನು ನೋಡುವಾಗ ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು.

ಕಾಗದಪತ್ರಗಳು: ಓಟಕ್ಕಿಂತ ಮೊದಲಿನ ಪರೀಕ್ಷೆ

ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ತೆಗೆದು ಮುಂದಿಟ್ಟುಕೊಳ್ಳಬೇಕು. ಅದರಲ್ಲಿರುವ ಹೆಸರು ಮತ್ತು ಜನ್ಮದಿನಾಂಕವೇ ಪ್ರಮಾಣ. ನಮ್ಮ ಕಡೆ ಒಂದು ದಾಖಲೆಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇದ್ದರೆ, ಇನ್ನೊಂದರಲ್ಲಿ ಅಡ್ಡಹೆಸರು ಮುಂದೆ ಬಂದಿರುತ್ತದೆ, ಆಧಾರ್‌ನಲ್ಲಿ ಬರೀ ಇನಿಶಿಯಲ್ ಇರುತ್ತದೆ. ಇಂಥ ವ್ಯತ್ಯಾಸಗಳನ್ನು ಅಧಿಸೂಚನೆಗೆ ಮೊದಲೇ ಸರಿಪಡಿಸಿಕೊಂಡರೆ ದಾಖಲಾತಿ ಪರಿಶೀಲನೆಯ ದಿನ ಅಫಿಡವಿಟ್‌ಗಾಗಿ ಓಡಾಡುವುದು ತಪ್ಪುತ್ತದೆ.

ಜಾತಿ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಪಡೆಯಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, 2ಎ, 2ಬಿ, 3ಎ, 3ಬಿ ಪ್ರವರ್ಗಗಳಿಗೆ ನಮೂನೆ-ಎಫ್ ಅನ್ವಯಿಸುತ್ತದೆ. ನಮೂನೆ-ಎಫ್‌ನಲ್ಲಿ ಆದಾಯವೂ ಸೇರಿರುವುದರಿಂದ ಅದರ ಸಿಂಧುತ್ವ 5 ವರ್ಷ. ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದಂದು ಅದು ಚಾಲ್ತಿಯಲ್ಲಿರಬೇಕು. ಒಂದು ದಿನ ಮೊದಲು ಅವಧಿ ಮುಗಿದಿದ್ದರೂ ಮೀಸಲಾತಿ ಕೈತಪ್ಪುತ್ತದೆ.

ಗ್ರಾಮೀಣ ಮೀಸಲಾತಿ ಹಾಗೂ ಕನ್ನಡ ಮಾಧ್ಯಮ ಮೀಸಲಾತಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಹುದ್ದೆಗಳು ಮೀಸಲಾಗಿರುತ್ತವೆ. ಇಲ್ಲಿ ಹಳ್ಳಿಯಲ್ಲಿ ಮನೆ ಇದ್ದರೆ ಸಾಲದು. 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿಯೇ ಓದಿರಬೇಕು. ಊರಲ್ಲಿ ಏಳನೆಯವರೆಗೆ ಓದಿ, ಹೈಸ್ಕೂಲಿಗೆ ಬಸ್ ಹತ್ತಿ ನವಲಗುಂದಕ್ಕೋ ಹಾನಗಲ್ಲಿಗೋ ಬಂದವರು ಈ ಮೀಸಲಾತಿಗೆ ಅರ್ಹರಾಗುವುದಿಲ್ಲ. ಪ್ರಾಥಮಿಕ ಶಾಲೆ ಒಂದು, ಪ್ರೌಢಶಾಲೆ ಇನ್ನೊಂದು ಆಗಿದ್ದರೆ ಎರಡೂ ಕಡೆಯಿಂದ ಪ್ರಮಾಣಪತ್ರ ಪಡೆದು, ಗ್ರಾಮೀಣ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಮಾಡಿಸಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ನನ್ನ ಮನೆಯದೇ ಕಾರಣವಿದೆ. ರೋಣ ತಾಲ್ಲೂಕಿನ ಹಳ್ಳಿಯಲ್ಲಿ ಬೆಳೆದ ನನ್ನ ಅಕ್ಕನ ಮಗ ಲಿಖಿತ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು, ಓಟವನ್ನೂ ಸಮಯಕ್ಕೆ ಮೊದಲೇ ಮುಗಿಸಿ, ದಾಖಲಾತಿ ಪರಿಶೀಲನೆಗೆ ಹೋದ. ಪ್ರೌಢಶಾಲೆಯ ಪ್ರಮಾಣಪತ್ರ ಸರಿಯಾಗಿತ್ತು. ಪ್ರಾಥಮಿಕ ಶಾಲೆಯದರಲ್ಲಿ ಮುಖ್ಯ ಗುರುಗಳ ಸಹಿ, ಶಾಲೆಯ ದುಂಡು ಸೀಲು ಎರಡೂ ಇದ್ದವು. ಮೇಲುರುಜಿಗೆಂದು ಬಿಟ್ಟ ಜಾಗ ಮಾತ್ರ ಖಾಲಿ ಇತ್ತು. ಅವನನ್ನು ಗ್ರಾಮೀಣ ಕೋಟಾದಿಂದ ತೆಗೆದರು, ಸಾಮಾನ್ಯ ಪಟ್ಟಿಯಲ್ಲಿ ಅವನ ಅಂಕ ಸಾಲಲಿಲ್ಲ. ಆ ಸಂಜೆ ಅವನು ನಮ್ಮ ಪಡಸಾಲೆಯಲ್ಲಿ ಕುಳಿತು ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಸೀಲಿನ ನೀಲಿ ಶಾಯಿ ಹಿಂಬದಿಗೂ ಇಳಿದಿತ್ತು. ಎರಡು ವರ್ಷದ ದುಡಿಮೆ ಬೆರಳಗಲದ ಆ ಖಾಲಿ ಜಾಗದಲ್ಲಿ ಹೋಯಿತು. ದಯವಿಟ್ಟು ನಿಮ್ಮ ಪ್ರಮಾಣಪತ್ರಗಳನ್ನು ಅಧಿಸೂಚನೆಯ ಅನುಬಂಧದಲ್ಲಿರುವ ನಮೂನೆಯ ಪಕ್ಕದಲ್ಲಿಟ್ಟು, ಸಾಲು ಸಾಲಾಗಿ ತಾಳೆ ನೋಡಿರಿ.

ಅರ್ಜಿ ತುಂಬುವಾಗ

ಅರ್ಜಿ ಸಲ್ಲಿಕೆ ಸಂಪೂರ್ಣ ಆನ್‌ಲೈನ್. ಸೈಬರ್ ಸೆಂಟರಿನಲ್ಲಿ ತುಂಬಿಸುವವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು: ಅವಸರದಲ್ಲಿ ಅಂಗಡಿಯವರು ತಮ್ಮದೇ ಮೊಬೈಲ್ ಸಂಖ್ಯೆ ಹಾಕಿಬಿಡುವುದುಂಟು. ಪ್ರವೇಶಪತ್ರ, ದೈಹಿಕ ಪರೀಕ್ಷೆಯ ದಿನಾಂಕ ಎಲ್ಲದರ ಸಂದೇಶವೂ ಆ ಸಂಖ್ಯೆಗೇ ಹೋಗುತ್ತದೆ. ನಿಮ್ಮದೇ ಸಂಖ್ಯೆ, ನಿಮ್ಮದೇ ಇ-ಮೇಲ್ ಕೊಟ್ಟು, ನೇಮಕಾತಿ ಮುಗಿಯುವವರೆಗೆ ಆ ಸಿಮ್ ಬದಲಿಸಬೇಡಿ. ಮೀಸಲಾತಿಯ ಕಲಂಗಳನ್ನು ತುಂಬುವಾಗ ಪರದೆಯ ಮುಂದೆ ನೀವೇ ಕುಳಿತಿರಬೇಕು, ಏಕೆಂದರೆ ಅರ್ಜಿಯಲ್ಲಿ ಕೋರದ ಮೀಸಲಾತಿಯನ್ನು ಆಮೇಲೆ ಕೇಳಲಾಗದು. ಶುಲ್ಕ ಪಾವತಿಯಾದ ನಂತರವೇ ಅರ್ಜಿ ಪೂರ್ಣವಾಗುತ್ತದೆ. ಕೊನೆಯ ಎರಡು ದಿನಗಳಿಗೆ ಕೆಲಸವನ್ನು ಉಳಿಸಿಕೊಳ್ಳಬಾರದು.

ದೇಹವನ್ನು ಅಣಿಗೊಳಿಸುವುದು

ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರ ಎತ್ತರ ಕನಿಷ್ಠ 168 ಸೆಂ.ಮೀ., ಎದೆಯ ಸುತ್ತಳತೆ ಪೂರ್ಣ ಉಸಿರು ತುಂಬಿದಾಗ 86 ಸೆಂ.ಮೀ. ಇದ್ದು, ಅದರಲ್ಲಿ 5 ಸೆಂ.ಮೀ. ಹಿಗ್ಗುವಿಕೆ ಇರಬೇಕು. ಮಹಿಳೆಯರ ಎತ್ತರ 157 ಸೆಂ.ಮೀ., ತೂಕ 45 ಕಿ.ಗ್ರಾಂ. ಪುರುಷರು 1,600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು, 3.80 ಮೀಟರ್ ಉದ್ದ ಜಿಗಿತ ಅಥವಾ 1.20 ಮೀಟರ್ ಎತ್ತರ ಜಿಗಿತದಲ್ಲಿ ತೇರ್ಗಡೆಯಾಗಬೇಕು, 7.26 ಕಿ.ಗ್ರಾಂ. ಗುಂಡನ್ನು 5.60 ಮೀಟರ್ ಎಸೆಯಬೇಕು. ಮಹಿಳೆಯರಿಗೆ 400 ಮೀಟರ್ ಓಟಕ್ಕೆ 2 ನಿಮಿಷ, ಉದ್ದ ಜಿಗಿತ 2.50 ಮೀಟರ್ ಅಥವಾ ಎತ್ತರ ಜಿಗಿತ 0.90 ಮೀಟರ್, 4 ಕಿ.ಗ್ರಾಂ. ಗುಂಡು ಎಸೆತ 3.75 ಮೀಟರ್. ಜಿಗಿತಕ್ಕೂ ಎಸೆತಕ್ಕೂ ಮೂರು ಅವಕಾಶಗಳಿವೆ, ಓಟಕ್ಕೆ ಒಂದೇ. ಈ ಪರೀಕ್ಷೆಗಳಿಗೆ ಅಂಕಗಳಿಲ್ಲ; ತೇರ್ಗಡೆಯಾದರೆ ಸಾಕು, ಆದರೆ ಒಂದರಲ್ಲಿ ಸೋತರೂ ಹೊರಗೆ.

ಓಟದ ಲೆಕ್ಕವನ್ನು ಸರಿಯಾಗಿ ತಿಳಿದುಕೊಳ್ಳಬೇಕು. 400 ಮೀಟರ್ ಟ್ರ್ಯಾಕಿನಲ್ಲಿ 1,600 ಮೀಟರ್ ಎಂದರೆ ನಾಲ್ಕು ಸುತ್ತು. ಆರೂವರೆ ನಿಮಿಷವನ್ನು ನಾಲ್ಕರಿಂದ ಭಾಗಿಸಿದರೆ ಸುತ್ತಿಗೆ 97.5 ಸೆಕೆಂಡ್ ಸಿಗುತ್ತದೆ. ಸೋಲುವವರಲ್ಲಿ ಬಹುಪಾಲು ಜನ ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಓಡಿ, ಮೂರನೆಯ ಸುತ್ತಿಗೆ ಉಸಿರು ಕಟ್ಟಿ ನಿಂತವರು. ಗುಂಪಿನ ಭರಾಟೆಯಲ್ಲಿ ಕಾಲು ತಾನಾಗಿಯೇ ವೇಗ ಹಿಡಿಯುತ್ತದೆ. ಅದನ್ನು ತಡೆದು ಪ್ರತಿ ಸುತ್ತನ್ನೂ 93ರಿಂದ 95 ಸೆಕೆಂಡಿನಲ್ಲಿ ಮುಗಿಸುವುದನ್ನು ಅಭ್ಯಾಸದಲ್ಲೇ ಕಲಿಯಬೇಕು. ಮೊದಲ ತಿಂಗಳು ಕೈಗಡಿಯಾರ ನೋಡದೆ ನಿಧಾನವಾಗಿ ಮೂರು ನಾಲ್ಕು ಕಿಲೋಮೀಟರ್ ಓಡಿ ಕಾಲಿನ ಕೀಲುಗಳನ್ನು ಗಟ್ಟಿ ಮಾಡಿಕೊಂಡು, ನಂತರ ವಾರಕ್ಕೆ ಎರಡು ದಿನ 400 ಮೀಟರ್ ಓಟವನ್ನು ನಡುವೆ ವಿಶ್ರಾಂತಿ ಕೊಟ್ಟು ಐದಾರು ಸಲ ಓಡುವುದು ಉತ್ತಮ. ವಾರಕ್ಕೊಮ್ಮೆ ಪೂರ್ಣ ದೂರವನ್ನು ಸಮಯ ಹಿಡಿದು ಓಡಿ ಬರೆದಿಟ್ಟುಕೊಳ್ಳಬೇಕು.

ಎಲ್ಲಿ ಓಡಬೇಕು ಎಂಬುದೂ ಮುಖ್ಯ. ಗದಗದ ಕೆ.ಎಚ್. ಪಾಟೀಲ ಜಿಲ್ಲಾ ಕ್ರೀಡಾಂಗಣ, ಹಾವೇರಿಯ ಹೊಸಮನಿ ಸಿದ್ದಪ್ಪ ಜಿಲ್ಲಾ ಕ್ರೀಡಾಂಗಣ, ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣಗಳು ಹತ್ತಿರದಲ್ಲಿರುವವರಿಗೆ ಅನುಕೂಲ. ಹಳ್ಳಿಗಳಲ್ಲಿ, ಅದರಲ್ಲೂ ನರಗುಂದ, ನವಲಗುಂದದ ಎರೆ ಭೂಮಿಯಲ್ಲಿ, ಬೇಸಿಗೆಯಲ್ಲಿ ದಾರಿ ಬಿರುಕು ಬಿಟ್ಟು ಪಾದ ಉಳುಕುತ್ತದೆ, ಮಳೆಗಾಲದಲ್ಲಿ ಮಣ್ಣು ಬೂಟಿಗೆ ಸೇರುಗಟ್ಟಲೆ ಅಂಟುತ್ತದೆ. ಅಂಥಲ್ಲಿ ಮಸಾರಿ ನೆಲವನ್ನೋ ಶಾಲೆಯ ಮೈದಾನವನ್ನೋ ಹುಡುಕಿ, ಟೇಪಿನಿಂದ ಅಳೆದು ಸುಣ್ಣದಿಂದ ಗುರುತು ಹಾಕಿಕೊಳ್ಳಬೇಕು. ಡಾಂಬರು ರಸ್ತೆಯಲ್ಲಿ ದಿನವೂ ಓಡಿದರೆ ಮೊಣಕಾಲ ಕೆಳಗಿನ ಎಲುಬಿನಲ್ಲಿ ನೋವು ಕಾಣಿಸಿಕೊಳ್ಳುತ್ತದೆ.

ಗುಂಡನ್ನು ಕ್ರಿಕೆಟ್ ಚೆಂಡಿನಂತೆ ಬೀಸಿ ಒಗೆಯಬಾರದು. ಅದು ಬೆರಳುಗಳ ಬುಡದಲ್ಲಿ ಕುಳಿತು ಕುತ್ತಿಗೆಗೆ ತಾಗಿರಬೇಕು, ಶಕ್ತಿ ಕಾಲಿನಿಂದ ಎದ್ದು ಸೊಂಟದ ಮೂಲಕ ಭುಜಕ್ಕೆ ಬಂದು, ಕೊನೆಗೆ ಕೈ ಅದನ್ನು ಮುಂದಕ್ಕೆ ನೂಕಬೇಕು. ಉದ್ದ ಜಿಗಿತದಲ್ಲಿ ಬಿದ್ದಾಗ ಹಿಂದೆ ಕೈಯೂರಿದರೆ ಅಳತೆ ಕೈಯ ಗುರುತಿನಿಂದ ಆಗುತ್ತದೆ. ಮುಂದಕ್ಕೆ ಬಾಗಿ ಬೀಳುವುದನ್ನು ರೂಢಿಸಿಕೊಳ್ಳಿ. ಆಹಾರಕ್ಕೆ ವಿಶೇಷ ಪುಡಿಗಳೇನೂ ಬೇಕಿಲ್ಲ. ಜೋಳದ ರೊಟ್ಟಿ, ಮೊಳಕೆಯೊಡೆದ ಮಡಕಿ ಕಾಳು, ಶೇಂಗಾ, ಮೊಸರು, ಸಾಧ್ಯವಾದವರಿಗೆ ಮೊಟ್ಟೆ ಸಾಕಾಗುತ್ತದೆ. ಯಾರೋ ಹೇಳಿದರೆಂದು ಚುಚ್ಚುಮದ್ದು ತೆಗೆದುಕೊಳ್ಳುವುದು ಜೀವಕ್ಕೇ ಅಪಾಯ.

ಲಿಖಿತ ಪರೀಕ್ಷೆ

ಕಾನ್‌ಸ್ಟೆಬಲ್ ಹುದ್ದೆಗೆ ಲಿಖಿತ ಪರೀಕ್ಷೆ ಮೊದಲು, ದೈಹಿಕ ಪರೀಕ್ಷೆ ನಂತರ. ಇತ್ತೀಚಿನ ಸಬ್ ಇನ್‌ಸ್ಪೆಕ್ಟರ್ ನೇಮಕಾತಿಗಳಲ್ಲಿ ದೈಹಿಕ ಪರೀಕ್ಷೆ ಮೊದಲು ನಡೆದು, ಬಳಿಕ 50 ಅಂಕಗಳ ಪ್ರಬಂಧ, ಸಾರಾಂಶ, ಭಾಷಾಂತರ ಪತ್ರಿಕೆ ಹಾಗೂ 150 ಅಂಕಗಳ ವಸ್ತುನಿಷ್ಠ ಪತ್ರಿಕೆ ಇದ್ದವು.

ಕಾನ್‌ಸ್ಟೆಬಲ್ ಪತ್ರಿಕೆ 100 ಅಂಕಗಳದ್ದು, 100 ಪ್ರಶ್ನೆ, ಒಂದೂವರೆ ಗಂಟೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಯಾವುದೂ ಗೊತ್ತಿಲ್ಲದೆ ಗುರುತು ಹಾಕಿದರೆ ಸರಾಸರಿ ಲಾಭ ತೀರಾ ಅಲ್ಪ. ಎರಡು ಆಯ್ಕೆಗಳು ಖಚಿತವಾಗಿ ತಪ್ಪೆಂದು ತಿಳಿದಿದ್ದರೆ ಉಳಿದೆರಡರಲ್ಲಿ ಒಂದನ್ನು ಧೈರ್ಯವಾಗಿ ಆರಿಸಬಹುದು. ಓದಿಗೆ ಆಧಾರ 6ರಿಂದ 10ನೇ ತರಗತಿಯ ಸಮಾಜ ವಿಜ್ಞಾನ ಮತ್ತು ವಿಜ್ಞಾನ ಪಠ್ಯಪುಸ್ತಕಗಳು. ಧಾರವಾಡದ ಸಪ್ತಾಪುರದ ಕೋಚಿಂಗ್ ಕೇಂದ್ರಗಳಿಗೆ ಬರಲು ಹಣವಿಲ್ಲದವರು ಈ ಪುಸ್ತಕಗಳನ್ನು ಎರಡು ಸಲ ತಿರುವಿದರೆ ಅರ್ಧ ದಾರಿ ಸಾಗಿದಂತೆ. ಸಂವಿಧಾನ, ಮಾನಸಿಕ ಸಾಮರ್ಥ್ಯ, ಪ್ರಚಲಿತ ವಿದ್ಯಮಾನಗಳಿಗೆ ದಿನವೂ ಸಮಯ ಕೊಡಬೇಕು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿರುವುದನ್ನು ಹಳೆಯ ಗೈಡ್‌ಗಳಲ್ಲಿ ಓದುವವರು ಗಮನಿಸಬೇಕು. ನಮ್ಮ ನೆಲದ ಚರಿತ್ರೆಯನ್ನೂ ಮರೆಯಬೇಡಿ: 1858ರ ನರಗುಂದ ಬಂಡಾಯ, 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1905ರ ಕಣಗಿನಹಾಳ ಸಹಕಾರ ಸಂಘ, 1943ರಲ್ಲಿ ಹೊಸರಿತ್ತಿಯಲ್ಲಿ ಹುತಾತ್ಮರಾದ ಮೈಲಾರ ಮಹಾದೇವಪ್ಪ, ಇವು ದಾರಿಯಲ್ಲಿ ಓಡಾಡುವಾಗಲೇ ನೆನಪಿಟ್ಟುಕೊಳ್ಳಬಹುದಾದ ಸಂಗತಿಗಳು.

ಹಣ ಕೊಟ್ಟರೆ ಹುದ್ದೆ ಕೊಡಿಸುತ್ತೇವೆ ಎನ್ನುವವರು ಈ ಹಂತದಲ್ಲಿಯೇ ಮನೆ ಬಾಗಿಲಿಗೆ ಬರುತ್ತಾರೆ. 2021ರ ಅಕ್ಟೋಬರಿನಲ್ಲಿ 545 ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಗಿ, ಪ್ರಾಮಾಣಿಕವಾಗಿ ಬರೆದವರೂ ಮರುಪರೀಕ್ಷೆಗೆ 2024ರ ಜನವರಿಯವರೆಗೆ ಕಾಯಬೇಕಾಯಿತು. ಹೊಲ ಅಡವಿಟ್ಟು ದಲ್ಲಾಳಿಗೆ ಹಣ ಕೊಟ್ಟ ಕುಟುಂಬ ಹೊಲವನ್ನೂ ಹಣವನ್ನೂ ಕಳೆದುಕೊಳ್ಳುತ್ತದೆ, ಮಗ ಆರೋಪಿಯಾಗುತ್ತಾನೆ.

ಕೊನೆಯ ಹಂತಗಳು

ಕಣ್ಣಿನ ದೃಷ್ಟಿ, ಬಣ್ಣಗುರುಡು, ಕಿವಿ, ಪಾದಗಳನ್ನು ವೈದ್ಯಕೀಯ ಪರೀಕ್ಷೆಯಲ್ಲಿ ನೋಡುತ್ತಾರೆ. ಬಣ್ಣಗುರುಡು ಇರುವುದು ಎಷ್ಟೋ ಜನರಿಗೆ ಆ ದಿನವೇ ತಿಳಿಯುತ್ತದೆ. ಸಿದ್ಧತೆಯ ಆರಂಭದಲ್ಲಿಯೇ ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ತಪಾಸಣೆ ಮಾಡಿಸಿಕೊಂಡರೆ, ಬೇರೆ ಹುದ್ದೆಯತ್ತ ಮನಸ್ಸು ತಿರುಗಿಸಲು ಸಮಯವಾದರೂ ಉಳಿಯುತ್ತದೆ.

ತಾತ್ಕಾಲಿಕ ಆಯ್ಕೆ ಪಟ್ಟಿ ಪ್ರಕಟವಾದಾಗ ನಿಮ್ಮ ಅಂಕ, ಪ್ರವರ್ಗ, ಕೋರಿದ ಮೀಸಲಾತಿ ಸರಿಯಾಗಿವೆಯೇ ಎಂದು ನೋಡಿ, ತಪ್ಪಿದ್ದರೆ ನಿಗದಿತ ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಆಮೇಲೆ ನಡೆಯುವುದು ನಡತೆ ಮತ್ತು ಪೂರ್ವಾಪರ ಪರಿಶೀಲನೆ. ಜಾತ್ರೆಯ ಗದ್ದಲದಲ್ಲೋ ನೀರಿನ ಹೋರಾಟದಲ್ಲೋ ಹೆಸರು ಸೇರಿ ಪ್ರಕರಣ ದಾಖಲಾಗಿರುವ ಹುಡುಗರು ನಮ್ಮ ಭಾಗದಲ್ಲಿದ್ದಾರೆ. ಅಂಥವರು ದೃಢೀಕರಣ ನಮೂನೆಯಲ್ಲಿ ಅದನ್ನು ಮುಚ್ಚಿಡಬಾರದು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ, ಅಭ್ಯರ್ಥಿ ನೀಡುವ ಮಾಹಿತಿ ಸತ್ಯವಾಗಿರಬೇಕು, ಮತ್ತು ಕ್ಷುಲ್ಲಕ ಸ್ವರೂಪದ ಪ್ರಕರಣವಿದ್ದಾಗ ನೇಮಕಾತಿ ಪ್ರಾಧಿಕಾರ ವಿವೇಚನೆ ಬಳಸಬಹುದು. ಪ್ರಕರಣದ ಸಂಖ್ಯೆ, ಠಾಣೆ, ನ್ಯಾಯಾಲಯದ ಆದೇಶದ ದೃಢೀಕೃತ ಪ್ರತಿಯನ್ನು ಮೊದಲೇ ತೆಗೆಸಿ, ಉಳಿದ ಮೂಲ ದಾಖಲೆಗಳ ಜೊತೆಗೇ ಒಂದು ಫೈಲಿನಲ್ಲಿ ಇಟ್ಟುಕೊಂಡಿರಿ; ಪರಿಶೀಲನೆಗೆ ಬರುವ ಸಿಬ್ಬಂದಿ ಕೇಳಿದಾಗ ಅದೇ ದಿನ ತೋರಿಸುವಂತಿರಬೇಕು.