ಡಿಗ್ರಿ ಓದುತ್ತಲೇ ಆರ್ಮಿ ಆಫೀಸರ್ ಆಗುವ ದಾರಿ: ಪುಣೆಯ ನಮ್ಮ ಹುಡುಗ ಹುಡುಗಿಯರಿಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಆಫೀಸರ್ ಆಗಲಿಲ್ಲ. ಎಸ್‌ಎಸ್‌ಬಿಗೆ, ಅಂದರೆ ಸೈನ್ಯದ ಆಫೀಸರ್‌ಗಳನ್ನು ಆರಿಸುವ ಐದು ದಿನದ ಪರೀಕ್ಷೆ-ಸಂದರ್ಶನಕ್ಕೆ, ಎರಡು ಸಲ ಹೋದೆ. ಮೊದಲ ಸಲ ಮೊದಲ ದಿನವೇ ವಾಪಸ್, ಎರಡನೇ ಸಲ ಐದೂ ದಿನ ಇಟ್ಟುಕೊಂಡು ಕೊನೆಗೆ ವಾಪಸ್. ಅಷ್ಟರಲ್ಲಿ ವಯಸ್ಸು ಮೀರಿತು, ಈಗ ಹಿಂಜವಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೇನೆ. ಆದರೆ ನಾನು ಎಲ್ಲೆಲ್ಲಿ ಎಡವಿದೆ ಅಂತ ನನ್ನನ್ನೇ ಕೂರಿಸಿಕೊಂಡು ಕೇಳಿ, ಅಲ್ಲೆಲ್ಲ ನೋಡಿಕೊಂಡು ಕಾಲಿಟ್ಟ ನನ್ನ ಚಿಕ್ಕಮ್ಮನ ಮಗಳು ಚೆನ್ನೈನ ಓಟಿಎಯಲ್ಲಿ, ಅಂದರೆ ಆರ್ಮಿ ಆಫೀಸರ್‌ಗಳ ಅಕಾಡೆಮಿಯಲ್ಲಿ, ಟ್ರೈನಿಂಗ್ ಮಾಡುತ್ತಿದ್ದಾಳೆ. ಹಾಗಾಗಿ ಎರಡೂ ಕಡೆಯ ಅನುಭವ ಇದೆ ಅಂತ ಇಟ್ಟುಕೊಳ್ಳಿ.

ಊರಿಂದ ನೆಂಟರು ಬಂದರೆ ಸಿಂಹಗಡಕ್ಕೆ ಕರೆದುಕೊಂಡು ಹೋಗುತ್ತೇವಲ್ವಾ, ಖಡಕ್‌ವಾಸ್ಲಾ ಡ್ಯಾಮ್ ಹತ್ತಿರ ಬಂದ ಕೂಡಲೇ ಯಾರಾದರೂ ಒಬ್ಬ ಮಾವ ಎನ್‌ಡಿಎ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಕಡೆ ಕೈ ತೋರಿಸಿ "ಅಲ್ಲಿ ಸೇರಿಕೊಳ್ಳೋ" ಅಂತಾರೆ. ಮಾವನಿಗೆ ನಮಸ್ಕಾರ. ಎನ್‌ಡಿಎ ಪಿಯುಸಿ, ಅಂದರೆ ಇಲ್ಲಿಯ ಬಾರಾವಿ ಮುಗಿಸುವ ಮಕ್ಕಳಿಗೆ. ನೀವು ಡಿಗ್ರಿಯಲ್ಲಿದ್ದು ಅದರ ವಯಸ್ಸು ಮೀರಿದ್ದರೆ ಆ ಗೇಟು ಮುಚ್ಚಿತು, ಆ ಬಗ್ಗೆ ಕೊರಗಬೇಡಿ. ನಿಮಗೆ ಮುಖ್ಯವಾಗಿ ಎರಡು ಬಾಗಿಲು: ಒಂದು ಎನ್‌ಸಿಸಿ (ನ್ಯಾಷನಲ್ ಕೆಡೆಟ್ ಕೋರ್) ಸ್ಪೆಷಲ್ ಎಂಟ್ರಿ, ಇನ್ನೊಂದು ಯುಪಿಎಸ್‌ಸಿ ನಡೆಸುವ ಸಿಡಿಎಸ್, ಅಂದರೆ ಸೇನಾ ಆಫೀಸರ್‌ಗಳ ಲಿಖಿತ ಪರೀಕ್ಷೆ. ಏರ್‌ಫೋರ್ಸ್‌ಗೆ ಹೋಗುವವರಿಗೆ ಎಎಫ್‌ಕ್ಯಾಟ್ ಅನ್ನುವ ಪರೀಕ್ಷೆ ಕೂಡ ಇದೆ.

ಎನ್‌ಸಿಸಿ ದಾರಿಯಲ್ಲಿ ಲಿಖಿತ ಪರೀಕ್ಷೆಯೇ ಇಲ್ಲ, ಅರ್ಜಿಗಳನ್ನು ಸೋಸಿ ನೇರ ಎಸ್‌ಎಸ್‌ಬಿಗೆ ಕರೆಯುತ್ತಾರೆ. ಅದಕ್ಕೆ ಬೇಕಾದ್ದು ಡಿಗ್ರಿಯಲ್ಲಿ 50% ಅಂಕ, 19ರಿಂದ 25ರ ಒಳಗಿನ ವಯಸ್ಸು, ಮದುವೆ ಆಗಿರಬಾರದು, ಮತ್ತೆ ಎನ್‌ಸಿಸಿಯ ಕೊನೇ ಹಂತದ ಪರೀಕ್ಷೆಯಾದ ಸಿ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್. ಸಿ-ಯಲ್ಲಿ ಬಿ, ಹೌದು, ಕೇಳೋಕೆ ತಮಾಷೆಯಾಗಿದೆ, ಆದರೆ ಸಿ ಸರ್ಟಿಫಿಕೇಟ್‌ನಲ್ಲಿ ಸಿ ಗ್ರೇಡ್ ಬಂದರೆ ಈ ಬಾಗಿಲು ತೆರೆಯುವುದಿಲ್ಲ.

ಇಲ್ಲೇ ನಾನು ಎಡವಿದ್ದು. ಎನ್‌ಸಿಸಿಗೆ ಹೆಸರು ಕೊಡಬೇಕಾದ್ದು ಮೊದಲ ವರ್ಷದಲ್ಲಿ, ಕಾಲೇಜು ಶುರುವಾದ ಕೂಡಲೇ. ಬಿ ಸರ್ಟಿಫಿಕೇಟ್ ಎರಡನೇ ವರ್ಷ, ಸಿ ಮೂರನೇ ವರ್ಷ. ಮೂರು ವರ್ಷದ ಡಿಗ್ರಿಯವರು "ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ" ಅಂದರೆ ಲೆಕ್ಕ ಕೂಡುವುದೇ ಇಲ್ಲ. ನಾನು ಹಾಗೇ ಅಂದೆ. ಬಿ ಕೈಗೆ ಬರುವಷ್ಟರಲ್ಲಿ ಡಿಗ್ರಿ ಮುಗಿಯಿತು. ಎಲ್ಲ ಕಾಲೇಜಿನಲ್ಲೂ ಎನ್‌ಸಿಸಿ ಇರುವುದಿಲ್ಲ, ಅದಕ್ಕೇ ಅಡ್ಮಿಷನ್ ಮಾಡಿಸುವ ಮೊದಲೇ ಆಫೀಸಿನಲ್ಲಿ ಕೇಳಿ. ಸೀಟುಗಳು ಕಡಿಮೆ, ಓಡಿಸಿ ನೋಡಿ ಆರಿಸುತ್ತಾರೆ. ಚಿಕ್ಕಮ್ಮನ ಮಗಳು ಬಾರಾವಿ ರಜೆಯಿಡೀ ಬೆಳಿಗ್ಗೆ ತಳಜಾಯಿ ಗುಡ್ಡ ಹತ್ತಿ ಇಳಿದಳು, ನಾನು ಅದೇ ಗುಡ್ಡಕ್ಕೆ ಹೋಗಿ ಬರೀ ಚಹಾ ಕುಡಿದು ಬಂದವನು.

ಸೇರಿದ ಮೇಲೆ ಪರೇಡ್‌ಗಳಲ್ಲಿ 75% ಹಾಜರಾತಿ ಬೇಕು, ಕ್ಯಾಂಪುಗಳಿಗೂ ಹೋಗಬೇಕು. ವಾರ್ಷಿಕ ಕ್ಯಾಂಪ್ ಹತ್ತು ದಿನ. ಆಜ್ಞೆಗಳೆಲ್ಲ ಹಿಂದಿಯಲ್ಲಿ, "ದಾಹಿನೆ ಮುಡ್" ಅಂದಾಗ ನಾನು ಎಡಕ್ಕೆ ತಿರುಗಿ ಪಕ್ಕದವನ ಮೂಗಿಗೆ ಮೂಗು ತಾಗಿಸಿದ್ದೂ ಉಂಟು. ಅದೆಲ್ಲ ಎರಡು ವಾರದಲ್ಲಿ ಸರಿಹೋಗುತ್ತದೆ. ಮನೆಯವರು ಹೆದರಿದರೆ ಒಂದು ಮಾತು ಹೇಳಿ: ಎನ್‌ಸಿಸಿ ಸೇರಿದವರು ಸೈನ್ಯಕ್ಕೆ ಹೋಗಲೇಬೇಕು ಅಂತ ಇಲ್ಲ.

ಈಗ ನಮ್ಮವರಿಗೇ ಅಂತ ಇರುವ ಒಂದು ತಲೆನೋವು: ಹೆಸರು. ಕರ್ನಾಟಕದಲ್ಲಿ ಹತ್ತನೇ ತರಗತಿ ಮುಗಿಸಿ ಬಂದವರ ಅಂಕಪಟ್ಟಿಯಲ್ಲಿ ಹೆಸರಿನ ಮುಂದೋ ಹಿಂದೋ ಎರಡು ಇನಿಶಿಯಲ್ ಇರುತ್ತವೆ. ಇಲ್ಲಿಯ ಕಾಲೇಜಿನ ಫಾರ್ಮ್ ಕೇಳುವುದು ಮೊದಲು ಅಡ್ಡಹೆಸರು, ಆಮೇಲೆ ನಿಮ್ಮ ಹೆಸರು, ಆಮೇಲೆ ಅಪ್ಪನ ಹೆಸರು. ಗುಮಾಸ್ತರು ತಮಗೆ ತೋಚಿದಂತೆ ಬಿಡಿಸಿ ಬರೆಯುತ್ತಾರೆ. ಚಿಕ್ಕಮ್ಮನ ಮಗಳಿಗೆ ಹತ್ತನೇ ತರಗತಿಯಲ್ಲಿ ಒಂದು ಹೆಸರು, ಕಾಲೇಜಿನಲ್ಲಿ ಇನ್ನೊಂದು, ಎನ್‌ಸಿಸಿ ಫಾರ್ಮ್‌ನಲ್ಲಿ ಅಜ್ಜನ ಊರೇ ಅಡ್ಡಹೆಸರಾಗಿ ಕೂತಿತ್ತು. ಅವಳು ಮೊದಲ ವರ್ಷವೇ ಪಟ್ಟು ಹಿಡಿದು ಸರಿಮಾಡಿಸಿದಳು. ನೀವೂ ಎನ್‌ಸಿಸಿ ಫಾರ್ಮ್ ತುಂಬುವ ದಿನವೇ ಹತ್ತನೇ ಅಂಕಪಟ್ಟಿ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ಸರ್ಟಿಫಿಕೇಟ್ ಪ್ರಿಂಟ್ ಆಗಿ ಬಂದ ಮೇಲೆ ತಿದ್ದಿಸುವುದು ಅಂದರೆ ಚಪ್ಪಲಿ ಸವೆಸುವ ಕೆಲಸ.

ಎನ್‌ಸಿಸಿ ತಪ್ಪಿತಾ? ಸಿಡಿಎಸ್ ಬರೆಯಿರಿ. ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಕೊನೇ ವರ್ಷದವರೂ ಅರ್ಜಿ ಹಾಕಬಹುದು. ಓಟಿಎಗೆ ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ, ಎರಡೇ ಪೇಪರ್. ಡೆಹ್ರಾಡೂನ್‌ನ ಐಎಂಎ (ಇಂಡಿಯನ್ ಮಿಲಿಟರಿ ಅಕಾಡೆಮಿ) ಬೇಕಾದರೆ ಗಣಿತವೂ ಸೇರುತ್ತದೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಳೆಯುತ್ತಾರೆ, ಗೊತ್ತಿಲ್ಲದ್ದಕ್ಕೆ ಸುಮ್ನೆ ಊಹಿಸಿ ಗುರುತು ಹಾಕಬೇಡಿ. ಡಿಗ್ರಿ ಕೈಗೆ ಬರಲಿ ಅಂತ ಕಾಯುವುದು ಶುದ್ಧ ದಡ್ಡತನ, ಒಂದೊಂದು ಸಲ ತಪ್ಪಿದರೂ ಆರು ತಿಂಗಳು ಹೋಯಿತು ಅಂತಲೇ ಲೆಕ್ಕ.

ಎರಡು ದಾರಿಯೂ ಬಂದು ಸೇರುವುದು ಎಸ್‌ಎಸ್‌ಬಿಗೆ. ಮೊದಲ ದಿನ ಒಂದು ಮಸುಕು ಚಿತ್ರವನ್ನು 30 ಸೆಕೆಂಡ್ ತೋರಿಸುತ್ತಾರೆ, ನಾಲ್ಕು ನಿಮಿಷದಲ್ಲಿ ಕಥೆ ಬರೆಯಬೇಕು, ಆಮೇಲೆ ಗುಂಪಿನಲ್ಲಿ ಚರ್ಚೆ. ನನಗೆ ಬಂದ ಚಿತ್ರದಲ್ಲಿ ಹೊಲದ ಬದುವಿನ ಮೇಲೆ ಇಬ್ಬರು ನಿಂತ ಹಾಗಿತ್ತು. ನಾನು ಅವರನ್ನು ಉಗ್ರರನ್ನಾಗಿ ಮಾಡಿ, ಹೀರೋ ಒಬ್ಬನೇ ಅವರನ್ನು ಹಿಡಿದ ಅಂತ ಬರೆದೆ. ಚರ್ಚೆಯಲ್ಲಿ ಎಲ್ಲರೂ ಕೂಗುತ್ತಿದ್ದರು, ನಾನು ಇನ್ನೂ ಜಾಸ್ತಿ ಕೂಗಿದೆ. ಸಂಜೆಯೊಳಗೆ ಬ್ಯಾಗ್ ಹೆಗಲಿಗೆ. ಹೊಲ ಕಂಡರೆ ಹೊಲದ ಕಥೆಯನ್ನೇ ಬರೆಯಿರಿ, ನೀರಿಲ್ಲ, ಇಬ್ಬರು ಸೇರಿ ಏನೋ ಮಾಡಿದರು, ಅಷ್ಟು ಸಾಕು.

ಮುಂದಿನ ದಿನಗಳಲ್ಲಿ ಮನಶ್ಶಾಸ್ತ್ರದ ಪರೀಕ್ಷೆ ಇದೆ, 60 ಪದಗಳು, ಒಂದೊಂದಕ್ಕೆ 15 ಸೆಕೆಂಡ್. ಅಷ್ಟರಲ್ಲಿ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ಗೆ ತಿರುಗಿಸಲು ಪುರುಸೊತ್ತು ಇರುವುದಿಲ್ಲ. ಮನೆಯಲ್ಲಿ ಫೋನಿನ ಟೈಮರ್ ಇಟ್ಟುಕೊಂಡು ಪುಟ್ಟ ಪುಟ್ಟ ಇಂಗ್ಲಿಷ್ ವಾಕ್ಯ ಬರೆದು ಕೈ ಪಳಗಿಸಿ. ಆಮೇಲೆ ಹಗ್ಗ, ಹಲಗೆ, ಡ್ರಮ್ ಕೊಟ್ಟು ಗುಂಪಾಗಿ ದಾಟಿ ಅಂತಾರೆ, ಸಂದರ್ಶನವೂ ಇರುತ್ತದೆ. ಚಿಕ್ಕಮ್ಮನ ಮಗಳು ಸಂದರ್ಶನದಲ್ಲಿ ಹೇಳಿದ್ದು ಸೊಸೈಟಿಯ ಗಣಪತಿಗೆ ಚಂದಾ ಎತ್ತಿದ ಕಥೆ: ಯಾರು ಕೊಡಲಿಲ್ಲ, ಲೆಕ್ಕದಲ್ಲಿ 300 ರೂಪಾಯಿ ಹೇಗೆ ಕಮ್ಮಿ ಬಿತ್ತು, ಅದನ್ನು ಯಾರು ತುಂಬಿದರು. ಕೋಚಿಂಗ್ ಕ್ಲಾಸಿನವರು ಉರು ಹೊಡೆಸಿದ ಉತ್ತರ ಹೇಳಿದವನು ನಾನು.

ಆಯ್ಕೆಯಾದರೆ ಮಿಲಿಟರಿ ಆಸ್ಪತ್ರೆಯಲ್ಲಿ ಮೆಡಿಕಲ್. ಚಪ್ಪಟೆ ಪಾದ, ಬಣ್ಣ ಗುರುತಿಸುವ ಶಕ್ತಿ, ಹಲ್ಲು, ಎಲ್ಲ ನೋಡುತ್ತಾರೆ. ಕಿವಿಯ ಗುಗ್ಗೆ ಕೂಡ, ಡಾಕ್ಟರ್ ಹತ್ತಿರ ಮೊದಲೇ ತೆಗೆಸಿಕೊಳ್ಳಿ. ಟ್ಯಾಟೂ ಹಾಕಿಸಿಕೊಳ್ಳುವ ಆಸೆ ಇದ್ದರೆ ತಡೆದುಕೊಳ್ಳಿ. ಓಟಿಎ ಟ್ರೈನಿಂಗ್ 49 ವಾರ, ಆ ಅವಧಿಯಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಆಮೇಲೆ ಹತ್ತು ವರ್ಷದ ಸೇವೆ, ಬೇಕಾದರೆ ಇನ್ನೂ ನಾಲ್ಕು ವರ್ಷ ಮುಂದುವರಿಸಲು ಅವಕಾಶ ಇದೆ.

ಹಾಂ, ಎಸ್‌ಎಸ್‌ಬಿಗೆ ಹೋಗುವಾಗ ರೈಲಿನ ಟಿಕೆಟ್ ಜೋಪಾನ. ಆಯಾ ಬಗೆಯ ಕಮಿಷನ್‌ಗೆ, ಅಂದರೆ ಆಫೀಸರ್ ನೇಮಕಕ್ಕೆ, ಮೊದಲ ಸಲ ಹೋದವರಿಗೆ ಥರ್ಡ್ ಎಸಿ ದರದವರೆಗೆ ಪ್ರಯಾಣದ ಖರ್ಚು ಕೊಡುತ್ತಾರೆ, ಟಿಕೆಟ್ ತೋರಿಸಬೇಕು. ನಾನು ಅದನ್ನು ಭೋಪಾಲ್ ಸ್ಟೇಷನ್ನಿನಲ್ಲಿ ಪೋಹಾ ತಿಂದು ಕೈ ಒರೆಸಿ ಎಸೆದಿದ್ದೆ.