ಕೆಂಪು ಪುಂಡಿಯ ನೀರಿನ ಸಾರ ಮತ್ತು ಎಸಿಇ ತಡೆ: ನನ್ನ ಅನುಭವ

ನೀರಿನಲ್ಲಿ ತೆಗೆದ ಕೆಂಪು ಪುಂಡಿ ಸಾರ ಎಸಿಇ ಕಿಣ್ವವನ್ನು (ರಕ್ತದೊತ್ತಡ ಏರಿಸುವುದರಲ್ಲಿ ಪಾಲಿರುವ ಕಿಣ್ವ) ತಡೆಯುತ್ತದೆ ಎಂದು ನಾನು ಹೇಳಿದಾಗಲೆಲ್ಲ ಸಿಕ್ಕ ಉತ್ತರ ಒಂದೇ: ‘ಅದು ಟ್ಯಾನಿನ್ ಕೆಲಸ, ಮೆಥನಾಲ್ ಬಳಸಿ.’ ಅನುಮಾನಕ್ಕೆ ಕಾರಣವಿತ್ತು. ಟ್ಯಾನಿನ್, ಅಂದರೆ ಸಸ್ಯದ ಒಗರು ಪದಾರ್ಥ, ಸಿಕ್ಕ ಪ್ರೋಟೀನನ್ನೆಲ್ಲ ಕಟ್ಟಿಹಾಕುತ್ತದೆ. ಪಾಲಿಫಿನಾಲ್‌ಗಳು (ಟ್ಯಾನಿನ್ ಕೂಡ ಸೇರುವ ಸಸ್ಯಸಂಯುಕ್ತಗಳ ಗುಂಪು) ಕಿಣ್ವದ ಕೆಲಸಕ್ಕೆ ಬೇಕಾದ, ಅದರೊಳಗಿನ ಸತುವಿಗೇ ಕೈಹಾಕಬಲ್ಲವು. ಆ ಎರಡರ ಪಾಲನ್ನೂ ಕಳೆದ ಮೇಲೂ ನನ್ನ ಫಲಿತಾಂಶ ನಿಂತಿದೆ.

ಒಣಗಿದ ಪುಷ್ಪಪಾತ್ರೆ 10 ಗ್ರಾಂಗೆ 200 ಮಿ.ಲೀ. ನೀರು, ಸಿಟ್ರಿಕ್ ಆಮ್ಲದಿಂದ ಪಿಎಚ್ 2.5ರ ಆಸುಪಾಸು, 50 ಡಿಗ್ರಿ, ಅರ್ಧ ಗಂಟೆ. ಕುದಿಸಿದರೆ ಆಂಥೋಸಯಾನಿನ್ (ಪುಂಡಿಯ ಕೆಂಪು ಬಣ್ಣ) ಒಡೆದು ಕಂದುತ್ತದೆ, ಲೋಳೆ ಬಿಟ್ಟು ಸೋಸುಕಾಗದ ಕಟ್ಟಿಕೊಳ್ಳುತ್ತದೆ. ಸೋಸಿದ್ದನ್ನು ಬಣ್ಣ ಹಿಡಿದಿಟ್ಟುಕೊಳ್ಳುವ ಎಕ್ಸ್‌ಎಡಿ-7 ರಾಳ ತುಂಬಿದ ಕೊಳವೆಗೆ, ಅಂದರೆ ಕಾಲಮ್ಮಿಗೆ ಹಾಯಿಸಿ, ಆಮ್ಲದ ನೀರಿನಲ್ಲಿ ಸಕ್ಕರೆ ತೊಳೆದು, 70% ಎಥನಾಲ್‌ನಲ್ಲಿ ಬಣ್ಣ ಇಳಿಸಿದೆ. ಆವಿ ತೆಗೆಯುವಾಗ 40 ಡಿಗ್ರಿ ಮೀರಬಾರದು. ರಾಳ ಹದಮಾಡುವ ಕ್ರಮವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಇಳುವರಿ ನಿಂತಿರುವುದೇ ಅದರ ಮೇಲೆ.

ಪರೀಕ್ಷೆ ಕುಶ್‌ಮನ್ ಮತ್ತು ಚಿಯುಂಗ್ ಎಂಬ ವಿಜ್ಞಾನಿಗಳ 1971ರ ಕ್ರಮವೇ: ಎಚ್‌ಎಚ್‌ಎಲ್ (ಎಸಿಇ ಕತ್ತರಿಸುವ ಪುಟ್ಟ ಪೆಪ್ಟೈಡ್; ಕತ್ತರಿಸಿದಾಗ ಬರುವ ಹಿಪ್ಯೂರಿಕ್ ಆಮ್ಲವನ್ನು ಅಳೆಯುವುದು), ಪಿಎಚ್ 8.3, 300 ಮಿಲಿಮೋಲಾರ್ ಉಪ್ಪು, 37 ಡಿಗ್ರಿ. ಕೆಟ್ಟದ್ದು ಕೊನೆಯ ಹಂತ. ಈಥೈಲ್ ಅಸಿಟೇಟ್ ಹಿಪ್ಯೂರಿಕ್ ಆಮ್ಲದ ಜೊತೆ ಫಿನಾಲ್‌ಗಳನ್ನೂ ಎಳೆದು ತರುತ್ತದೆ, 228 ನ್ಯಾನೋಮೀಟರ್‌ನಲ್ಲಿ ಎರಡೂ ಬೆಳಕು ಹೀರುತ್ತವೆ. ಹಾಗಾಗಿ ತಡೆ ಸೊನ್ನೆಗಿಂತ ಕೆಳಗೆ ಬಂದ ಓದುಗಳೂ ಇದ್ದವು. ಆಮ್ಲವನ್ನು ಕಿಣ್ವಕ್ಕಿಂತ ಮೊದಲೇ ಹಾಕಿ ಕ್ರಿಯೆ ನಡೆಯದಂತೆ ಮಾಡಿದ ಬ್ಲಾಂಕ್ (ಹೋಲಿಕೆಯ ಮಾದರಿ) ಅರ್ಧ ಸರಿಮಾಡಿತು. ಪೂರ್ತಿ ಬಿಡಿಸಿದ್ದು ಮಿಶ್ರಣದ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ ಎಚ್‌ಪಿಎಲ್‌ಸಿ: ಹಿಪ್ಯೂರಿಕ್ ಆಮ್ಲದ ಶಿಖರ ಬೇರೆಯಾಗಿಯೇ ಕಂಡಿತು.

ಮೆಥನಾಲ್ ಬಿಟ್ಟು ಉಳಿಸಿದ ದುಡ್ಡನ್ನೆಲ್ಲ ಮೊಲದ ಶ್ವಾಸಕೋಶದ ಕಿಣ್ವ ನುಂಗಿತು. ಎಚ್‌ಪಿಎಲ್‌ಸಿಗೆ ತುಸುವೇ ಸಾಕಾದ್ದರಿಂದ ಪರೀಕ್ಷಾ ಮಿಶ್ರಣದ 250 ಮೈಕ್ರೋಲೀಟರ್ ಪ್ರಮಾಣವನ್ನು 100ಕ್ಕೆ ಇಳಿಸಿದೆ. ಕಿಣ್ವದ ಖರ್ಚು ಅರ್ಧಕ್ಕಿಂತ ಕಡಿಮೆಯಾಯಿತು.

ಈಗ ಟ್ಯಾನಿನ್ ವಿಷಯ. ಸಾರಕ್ಕೆ ಪಿವಿಪಿಪಿ (ಟ್ಯಾನಿನ್ ಹಿಡಿಯುವ, ನೀರಿನಲ್ಲಿ ಕರಗದ ಪುಡಿ) ಕಲಸಿ ಸೆಂಟ್ರಿಫ್ಯೂಜ್ ಮಾಡಿದ ಮೇಲೆ ತಡೆ ಅರವತ್ತರ ಮೇಲಿದ್ದದ್ದು ಐವತ್ತು ಶೇಕಡಾದ ಹತ್ತಿರ ನಿಂತಿತು. ಟ್ಯಾನಿನ್‌ಗೆ ಕಟ್ಟಿಕೊಳ್ಳಲು ಬೇರೆ ಪ್ರೋಟೀನ್ ಸಿಗಲೆಂದು ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನ್) ಸೇರಿಸಿದಾಗಲೂ ಹೆಚ್ಚು ಕುಸಿಯಲಿಲ್ಲ. ಸತುವಿನ ಅನುಮಾನ ನೋಡಲು ಹೊರಗಿನಿಂದ ಸತು ಕೊಟ್ಟಾಗ ತಡೆ ಸ್ವಲ್ಪ ಮಾತ್ರ ಇಳಿಯಿತು. ಸತು ಜಾಸ್ತಿಯಾದರೆ ಅದೇ ಕಿಣ್ವವನ್ನು ತಡೆಯುತ್ತದೆ, ಆದ್ದರಿಂದ ಕೆಲವೇ ಮೈಕ್ರೋಮೋಲಾರ್ ಸಾಕು. ಪ್ರತಿ ಸುತ್ತಿನ ಪರೀಕ್ಷೆಯಲ್ಲೂ ಹೋಲಿಕೆಗೆ ಕ್ಯಾಪ್ಟೊಪ್ರಿಲ್ (ಎಸಿಇ ತಡೆಯುವ ರಕ್ತದೊತ್ತಡದ ಔಷಧಿ) ಜೊತೆಗಿರಲಿ.

ಕುತೂಹಲಕ್ಕೆ ಕಾಲಮ್ಮಿನಿಂದ ತೊಳೆದು ಬಂದ ನೀರನ್ನೂ ಪರೀಕ್ಷಿಸಿದೆ. ಅದು ಸಾರಕ್ಕಿಂತ ಜೋರಾಗಿ ತಡೆಯಿತು! ಬಫರ್‌ನ ಪಿಎಚ್ ಅಳೆದಾಗ ಆ ನೀರಿನ ಆಮ್ಲದಿಂದ 7ರ ಕೆಳಗೆ ಬಿದ್ದಿತ್ತು, 8.3ಕ್ಕೆ ತಂದು ಓಡಿಸಿದಾಗ ಬಹುಪಾಲು ಮಾಯ. ಮಿಶ್ರಣದ ಪಿಎಚ್ ಬರೆಯದ ತಡೆಯ ಅಂಕಿಯನ್ನು ನಾನು ನಂಬುವುದಿಲ್ಲ. 8.3ರ ಪಿಎಚ್‌ನಲ್ಲಿ ಆಂಥೋಸಯಾನಿನ್ ಬೇಗ ಹಾಳಾಗುವುದರಿಂದ ಸಾರವನ್ನು ಕಿಣ್ವ ಹಾಕುವ ಗಳಿಗೆಗೇ ಬೆರೆಸಬೇಕು.

ಇದೆಲ್ಲ ಟ್ಯೂಬಿನೊಳಗಿನ ಮಾತು; ಕರುಳು ಆಂಥೋಸಯಾನಿನ್ ಹೀರುವುದು ಬಹಳ ಕಡಿಮೆ. ಇದೇ ಸಾರವನ್ನು ಪೆಪ್ಸಿನ್, ಪ್ಯಾಂಕ್ರಿಯಾಟಿನ್ ಎಂಬ ಜೀರ್ಣ ಕಿಣ್ವಗಳನ್ನು ದಾಟಿಸಿ ಮತ್ತೆ ಅಳೆಯುವ ಕೆಲಸ ಶುರುವಾಗಿದೆ.