ನಮ್ಮನೆ ಬಾವಿ ನೀರಿನ ಕೆಂಪು ಕಲೆ, ಕೊಳೆತ ಮೊಟ್ಟೆ ವಾಸನೆ - ನನ್ನ ಅನುಭವ

ನಮ್ಮನೆ ಕುಮಟಾ ಹತ್ರ, ಹಿಂದೆ ಚಿರೆಕಲ್ಲು (ಜಂಬಿಟ್ಟಿಗೆ) ಗುಡ್ಡ, ಎದುರಿಗೆ ಗಜನಿ ಗದ್ದೆ, ಅಂದ್ರೆ ಉಪ್ಪುನೀರು ಬರೋ ಗದ್ದೆ. ಬಾವಿ ನೀರು ಸೇದಿದಾಗ ಸ್ಫಟಿಕದ ಹಾಗೆ ಇರ್ತಿತ್ತು, ಒಂದು ರಾತ್ರಿ ಕೊಡದಲ್ಲಿ ಇಟ್ರೆ ತಳದಲ್ಲಿ ಕೆಂಪು ಹುಡಿ. ಚಾ ಮಾಡಿದ್ರೆ ಹಾಲು ಹಾಕೋ ಮೊದ್ಲೇ ಶಾಯಿ ಹಾಗೆ ಕಪ್ಪು. ಪೇರಲೆ ಎಲೆ ಜಜ್ಜಿ ಒಂದು ಲೋಟ ನೀರಿಗೆ ಹಾಕಿ ನೋಡಿ, ನೇರಳೆ ಕಪ್ಪಾದ್ರೆ ಕಬ್ಬಿಣ ಇದೆ ಅಂತಲೇ ಲೆಕ್ಕ. ಲೀಟರಿಗೆ 0.3 ಮಿಲಿಗ್ರಾಂ ದಾಟಿದ್ರೇ ಬಟ್ಟೆಗೆ ಕಲೆ ಹತ್ತತ್ತೆ, ನಮ್ಮದು ಲ್ಯಾಬಲ್ಲಿ 2.8 ಬಂತು.

ಮೊದಲ ತಪ್ಪು ಅಪ್ಪನ ಬಿಳಿ ಪಂಚೆ ಮೇಲೆ. ಕಲೆ ಹೋಗ್ಲಿ ಅಂತ ಬ್ಲೀಚಿಂಗ್ ಹಾಕ್ದೆ, ಹಳದಿ ಇದ್ದದ್ದು ಇಟ್ಟಿಗೆ ಬಣ್ಣಕ್ಕೆ ತಿರುಗ್ತು, ಯಾಕಂದ್ರೆ ಕ್ಲೋರಿನ್ ತಾಗಿದ್ರೆ ಕಬ್ಬಿಣ ಇನ್ನಷ್ಟು ತುಕ್ಕಾಗತ್ತೆ. ಆಮೇಲೆ ಆಯಿ ಹೇಳಿದ ಹಾಗೆ ನಿಂಬೆರಸ ಉಪ್ಪು ತಿಕ್ಕಿ ಬಿಸಿಲಿಗೆ ಹಾಕಿದ ಮೇಲೆ ಬಿಡ್ತು. ಬಚ್ಚಲ ಟೈಲ್ಸಿಗೂ ಸಿಟ್ರಿಕ್ ಆಸಿಡ್ಡೇ, ಆದ್ರೆ ಬ್ಲೀಚಿಂಗ್ ಹಾಕಿದ ಜಾಗಕ್ಕೆ ಆಸಿಡ್ ಹಾಕ್ಬೇಡಿ ಮಾರಾಯ್ರೆ, ವಿಷದ ಗ್ಯಾಸ್ ಬರತ್ತೆ.

ಎರಡನೇದು, ಅಂಗಡಿಯವ್ರು ಹೇಳಿದ್ರು ಅಂತ ಕಾರ್ಟ್ರಿಡ್ಜ್ ಫಿಲ್ಟರ್ ತಂದೆ, ಮೂರೇ ವಾರಕ್ಕೆ ಕಟ್ಕೊಂಡು ನಲ್ಲಿಲಿ ನೀರು ದಾರದಷ್ಟು ಬಂತು. ನೀರಲ್ಲಿ ಕರಗಿದ ಕಬ್ಬಿಣಕ್ಕೆ ಮೊದ್ಲು ಗಾಳಿ ತಾಗ್ಬೇಕು, ಆಗಷ್ಟೇ ಹುಡಿಯಾಗಿ ಮರಳಲ್ಲಿ ಸಿಕ್ಕತ್ತೆ. ಹಾಗಾಗಿ ಪೈಪಿನ ತುದಿ ಮುಚ್ಚಿ ತೂತು ಕೊರೆದು, ಮೂರಡಿ ಮೇಲಿಂದ ಡ್ರಮ್ಮಿಗೆ ಮಳೆ ಹಾಗೆ ಬೀಳೋ ಹಾಗೆ ಮಾಡ್ದೆ. ಆದ್ರೂ ಎರಡು ದಿನ ಕಳೆದ್ರೂ ನೀರು ತಿಳಿ ಆಗ್ಲೇ ಇಲ್ಲ! ಪಿಎಚ್ ನೋಡಿದ್ರೆ 5.8, ಚಿರೆಕಲ್ಲು ನೆಲದ ನೀರು ಸ್ವಲ್ಪ ಹುಳಿನೇ, ಹುಳಿ ನೀರಲ್ಲಿ ಕಬ್ಬಿಣ ತುಕ್ಕಾಗೋದು ಬಹಳ ನಿಧಾನ. ಅಘನಾಶಿನಿ ಹೊಳೆ ದಂಡೆ ಮೇಲೆ ಬಳಚಿನ (ಕಪ್ಪೆಚಿಪ್ಪಿನ ಜಾತಿ) ಚಿಪ್ಪಿಗೇನು ಬರ, ಸುಣ್ಣ ಸುಡೋದೇ ಅದ್ರಿಂದ ಅಲ್ವಾ, ನೀರಿನ ಹುಳಿ ತಗ್ಗಿಸತ್ತೆ ಅಂತ ನೆನಪಾಗಿ ಎರಡು ಬುಟ್ಟಿ ತಂದು, ಕುದಿಸಿ, ಚೆನ್ನಾಗಿ ಒಣಗಿಸಿ (ಮಾಂಸ ಉಳಿದ್ರೆ ನಾರತ್ತೆ) ಡ್ರಮ್ಮಿನ ತಳಕ್ಕೆ ಹಾಕ್ದೆ. ನೀರು ಒಂದು ರಾತ್ರಿ ಅದ್ರಲ್ಲಿ ನಿಂತು, ಬೆಳಿಗ್ಗೆ ಪಕ್ಕದ ಡ್ರಮ್ಮಿನ ಜಲ್ಲಿ ಮರಳಲ್ಲಿ ಇಳಿದು ಟ್ಯಾಂಕಿಗೆ ಹೋಗತ್ತೆ. ಮರಳಿಗೆ ಕೆಂಪು ಲೇಪ ಹತ್ತಿದ ಮೇಲೆ ಇನ್ನೂ ಚೆನ್ನಾಗಿ ಕೆಲಸ ಮಾಡತ್ತೆ, ಅದಕ್ಕೇ ಉಜ್ಜಿ ಉಜ್ಜಿ ತೊಳಿಯೋಕೆ ಹೋಗ್ಬೇಡಿ.

ವಾಸನೆ ಕಥೆ ಬೇರೆ. ತಣ್ಣೀರು ವಾಸನೆ ಇಲ್ಲ, ಗೀಸರ್ ನೀರು ಮಾತ್ರ ಮೊಟ್ಟೆ. ಅಂದ್ರೆ ಗೀಸರ್ ಒಳಗೆ ತುಕ್ಕು ಹಿಡಿಯದ ಹಾಗೆ ಇಟ್ಟಿರೋ ಮೆಗ್ನೀಸಿಯಂ ರಾಡಿಂದೇ ಕಾರಬಾರು, ಬ್ಯಾಕ್ಟೀರಿಯಾ ಅಲ್ಲೇ ಗಂಧಕದ ಗ್ಯಾಸ್ ಮಾಡ್ತಿದ್ವು. ಅಲ್ಯೂಮಿನಿಯಂ-ಸತುವಿನ ರಾಡ್ ಹಾಕ್ಸಿದ್ಮೇಲೆ ನಿಂತು ಹೋಯ್ತು.

ಮಳೆ ಮುಗಿದ ಮೇಲೆ ಬಾವೀಲಿ ಎಲೆ ಕೊಳೆತು ತಣ್ಣೀರೂ ನಾರೋಕೆ ಶುರು ಆದ್ರೆ ಬ್ಲೀಚಿಂಗ್ ಬೇಕೇ ಬೇಕು. ನಮ್ಮ ಬಾವಿ ಅಗಲ 2 ಮೀಟರ್, ನೀರು 3 ಮೀಟರ್, ಸುಮಾರು 9,400 ಲೀಟರ್, ಅದಕ್ಕೆ ಒಂದೂವರೆ ಕಿಲೋ ಬ್ಲೀಚಿಂಗ್ ಪುಡಿ ನೀರಲ್ಲಿ ಕಲಸಿ, ಮೇಲಿನ ತಿಳಿ ಮಾತ್ರ ಹಾಕ್ದೆ. ಮರುದಿನ ಬಾವಿ ಇಡೀ ಚಾ ಬಣ್ಣ, ಗಾಬರಿ ಆಗ್ಬೇಡಿ, ಕಬ್ಬಿಣ ಎಲ್ಲಾ ಒಮ್ಮೆಗೇ ಹೊರಗೆ ಬಂದಿದ್ದು. ಕ್ಲೋರಿನ್ ವಾಸನೆ ಹೋಗೋವರೆಗೂ ಪಂಪ್ ಮಾಡಿ ಚೆಲ್ಲಿದ್ವಿ, ತೋಟಕ್ಕೆ ಮಾತ್ರ ಬಿಡ್ಲಿಲ್ಲ.